ಕಲ್ಲಿನ ಚಕ್ಕೆ ಎಬ್ಬಿಸುವುದು ಹೇಗೆ? ಹೊಸಬರು ಎಲ್ಲಿಂದ ಶುರು ಮಾಡಬೇಕು?

ಮೊಬೈಲಿನಲ್ಲಿ ಒಂದು ವಿಡಿಯೋ ಬರುತ್ತದೆ. ಒಬ್ಬಾತ ತೊಡೆಯ ಮೇಲೆ ಚರ್ಮದ ತುಂಡು ಹಾಕಿಕೊಂಡು ಕೂತಿದ್ದಾನೆ. ಒಂದು ಕೈಯಲ್ಲಿ ಕರಿಯ ಕಲ್ಲು, ಇನ್ನೊಂದರಲ್ಲಿ ದುಂಡನೆಯ ಬೇರೆ ಕಲ್ಲು. ಅಂಚಿಗೆ ಒಂದೇ ಏಟು. ಅಂಗೈ ಅಗಲದ ತೆಳ್ಳನೆ ಚಕ್ಕೆ ಎದ್ದು ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಆ ಕಲ್ಲು ಮಾವಿನೆಲೆಯಂಥ ಚಾಕು ಆಗಿರುತ್ತದೆ.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗ ಕೇಳುತ್ತಾನೆ: "ಅಪ್ಪಾ, ನಾವೂ ಮಾಡೋಣ್ವಾ?" ನಮ್ಮ ಮನೆಯಲ್ಲಿ ಹೀಗೇ ಶುರುವಾಯಿತು. ಹಿತ್ತಲಿಂದ ಜಲ್ಲಿಕಲ್ಲು ತಂದೆವು. ಸುತ್ತಿಗೆಯಿಂದ ಹೊಡೆದೆವು. ಕಲ್ಲು ಎರಡು ಹೋಳಾಯಿತು, ಆಮೇಲೆ ನಾಲ್ಕಾಯಿತು, ಆಮೇಲೆ ಪುಡಿಯಾಯಿತು. ಚಾಕುವಿನ ಹತ್ತಿರಕ್ಕೂ ಬರಲಿಲ್ಲ.

ಯಾಕೆ ಹೀಗಾಯಿತು? ಕಲ್ಲು ಸರಿ ಇರಲಿಲ್ಲ. ಹೊಡೆದ ರೀತಿಯೂ ಸರಿ ಇರಲಿಲ್ಲ. ಈ ಎರಡು ವಿಷಯ ತಿಳಿದರೆ ಉಳಿದದ್ದೆಲ್ಲ ಅಭ್ಯಾಸದ ಮಾತು. ತೋಳಿನ ಬಲಕ್ಕೆ ಇದರಲ್ಲಿ ತುಂಬಾ ಕಡಿಮೆ ಕೆಲಸ. ಕಲ್ಲು ಎಲ್ಲಿಂದ ಎಲ್ಲಿಗೆ ಒಡೆಯಬೇಕು ಅನ್ನುವುದು ಏಟು ಬೀಳುವ ಮುಂಚೆಯೇ ತೀರ್ಮಾನ ಆಗಿರುತ್ತದೆ.

## ಮೊದಲು ಹೆಸರುಗಳು

ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಫ್ಲಿಂಟ್ ನ್ಯಾಪಿಂಗ್ ಅನ್ನುತ್ತಾರೆ. ಫ್ಲಿಂಟ್ ಅಂದರೆ ನಮ್ಮ ಚಕಮಕಿ ಕಲ್ಲು. ಬೆಂಕಿಪೊಟ್ಟಣ ಬರುವ ಮುಂಚೆ ಉಕ್ಕಿನ ತುಂಡಿಗೆ ಈ ಕಲ್ಲನ್ನು ಉಜ್ಜಿ ಹೊಡೆದು, ಕಿಡಿಯನ್ನು ಅರಳೆಗೆ ಹಿಡಿಸಿ ಬೆಂಕಿ ಮಾಡುತ್ತಿದ್ದರು. ಕಿಡಿ ಹುಟ್ಟುವುದು ಉಕ್ಕಿನಿಂದ. ಗಟ್ಟಿ ಕಲ್ಲಿನ ಹರಿತ ಅಂಚು ಉಕ್ಕನ್ನು ಸಣ್ಣಗೆ ಹೆರೆಯುತ್ತದೆ, ಆ ಹೆರೆದ ಚೂರು ಗಾಳಿಯಲ್ಲಿ ಉರಿಯುತ್ತದೆ. ಆ ಹರಿತ ಅಂಚನ್ನು ಬೇಕಾದ ಹಾಗೆ ಪಡೆಯುವುದೇ ಇಲ್ಲಿನ ವಿದ್ಯೆ.

ಇನ್ನು ಮೂರು ಪದ ಗೊತ್ತಿದ್ದರೆ ಸಾಕು. ಕೈಯಲ್ಲಿ ಹಿಡಿದ ದೊಡ್ಡ ಕಲ್ಲು ತಿರುಳುಗಲ್ಲು. ಅದರಿಂದ ಎದ್ದು ಬರುವುದು ಚಕ್ಕೆ. ಹೊಡೆಯಲು ಬಳಸುವುದು ಬಡಿಕಲ್ಲು. ಕೆಲವೊಮ್ಮೆ ಚಕ್ಕೆಯೇ ಚಾಕು ಆಗುತ್ತದೆ. ಕೆಲವೊಮ್ಮೆ ಚಕ್ಕೆಗಳನ್ನೆಲ್ಲ ತೆಗೆದ ಮೇಲೆ ಉಳಿದ ತಿರುಳೇ ಕೈಗೊಡಲಿ, ಅಂದರೆ ಹಿಡಿ ಇಲ್ಲದೆ ಕೈಯಲ್ಲೇ ಹಿಡಿಯುವ ಕಲ್ಲಿನ ಕೊಡಲಿ ಆಗುತ್ತದೆ.

ಮನುಷ್ಯ ಕುಲದ ಅತಿ ಹಳೆಯ ಕಸುಬು ಇದು. ಕೀನ್ಯಾ ದೇಶದ ಲೊಮೆಕ್ವಿ ಎಂಬ ಜಾಗದಲ್ಲಿ ಸಿಕ್ಕ ಕಲ್ಲಿನ ಉಪಕರಣಗಳಿಗೆ ಸುಮಾರು 33 ಲಕ್ಷ ವರ್ಷ.

## ಎಲ್ಲ ಕಲ್ಲೂ ಯಾಕೆ ಆಗುವುದಿಲ್ಲ?

ಅಡುಗೆಮನೆಯಿಂದ ಒಂದು ಉದಾಹರಣೆ. ರವೆ ಉಂಡೆಯನ್ನು ಮುರಿಯಿರಿ. ಅದು ರವೆಯ ಕಾಳುಗಳ ನಡುವೆ ಬಿಡುತ್ತದೆ. ಮುರಿದ ಜಾಗ ತರಿತರಿಯಾಗಿರುತ್ತದೆ, ಅಂಚು ಉದುರುತ್ತದೆ. ಈಗ ಚಿಕ್ಕಿ ಮಾಡುವಾಗಿನ ಬೆಲ್ಲದ ಪಾಕ ನೆನಪಿಸಿಕೊಳ್ಳಿ. ಪಾಕ ಬಂತೋ ಇಲ್ಲವೋ ನೋಡಲು ಒಂದು ಹನಿಯನ್ನು ನೀರಿಗೆ ಬಿಡುತ್ತೇವೆ. ಸರಿಯಾಗಿ ಬಂದಿದ್ದರೆ ಅದು ಗಟ್ಟಿಯಾಗಿ, ತಟ್ಟೆಗೆ ಹಾಕಿದರೆ ಟಣ್ ಅನ್ನುತ್ತದೆ. ಮುರಿದರೆ ಗಾಜಿನ ಹಾಗೆ ನುಣ್ಣಗೆ ಒಡೆಯುತ್ತದೆ, ಅಂಚು ನಾಲಿಗೆ ಕೊಯ್ಯುವಷ್ಟು ಹರಿತ.

ಮನೆ ಕಟ್ಟಲು ಬಳಸುವ ಗ್ರಾನೈಟ್ ರವೆ ಉಂಡೆಯ ಜಾತಿ. ಅದರಲ್ಲಿ ಬಿಳಿ, ಕಪ್ಪು, ಗುಲಾಬಿ ಕಾಳುಗಳು ಕಣ್ಣಿಗೇ ಕಾಣುತ್ತವೆ. ಬಿರುಕು ಕಾಳಿನಿಂದ ಕಾಳಿಗೆ ತಿರುಗುತ್ತಾ ಹೋಗುತ್ತದೆ, ನಾವು ಹೇಳಿದ ದಾರಿಯಲ್ಲಿ ಹೋಗುವುದಿಲ್ಲ. ಚಕಮಕಿ ಕಲ್ಲು, ಚರ್ಟ್, ಅಗೇಟ್, ಜಾಸ್ಪರ್ ಇವೆಲ್ಲ ಪಾಕದ ಜಾತಿ. ಇವುಗಳ ಕಣಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಹಾಗಾಗಿ ಬಿರುಕಿಗೆ ಅಡ್ಡಿಯಿಲ್ಲ. ಏಟು ಯಾವ ಕಡೆ ತಳ್ಳುತ್ತದೋ ಆ ಕಡೆ ಹೋಗುತ್ತದೆ. ಜ್ವಾಲಾಮುಖಿಯ ಲಾವಾ ಬೇಗ ತಣಿದು ಆಗುವ ಆಬ್ಸಿಡಿಯನ್ ಅಂತೂ ನಿಜವಾದ ಗಾಜೇ.

ಕಲ್ಲನ್ನು ಪರೀಕ್ಷೆ ಮಾಡುವುದು ಸುಲಭ. ಒಡೆದ ಮೈಯನ್ನು ನೋಡಿ. ಕಪ್ಪೆಚಿಪ್ಪಿನ ಒಳಭಾಗದ ಹಾಗೆ ನುಣ್ಣಗೆ ಬಾಗಿದ್ದು, ಅಲೆ ಅಲೆಯಾಗಿ ಗೆರೆ ಕಾಣಿಸಿದರೆ ಒಳ್ಳೆಯದು. ಇನ್ನೊಂದು ಕಲ್ಲಿನಿಂದ ಮೆಲ್ಲಗೆ ತಟ್ಟಿ. ಕಂಚಿನ ಪಾತ್ರೆಯಂಥ ಸದ್ದು ಬಂದರೆ ಒಳಗೆ ಬಿರುಕಿಲ್ಲ. ಡಬ್ ಅಂದರೆ ಬಿಟ್ಟುಬಿಡಿ. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುತ್ತೇವಲ್ಲ, ಹಾಗೆಯೇ.

ಬೆಣಚುಕಲ್ಲು ನಮ್ಮಲ್ಲಿ ಎಲ್ಲ ಕಡೆ ಸಿಗುತ್ತದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಇದೇ ಬೆಣಚುಕಲ್ಲಿನ ಪುಟ್ಟ ಪುಟ್ಟ ಹಳೆಯ ಉಪಕರಣಗಳು ಸಿಕ್ಕಿವೆ. ಆದರೆ ಅದರೊಳಗೆ ಸಣ್ಣ ಬಿರುಕುಗಳು ಜಾಸ್ತಿ, ಎಲ್ಲೆಂದರಲ್ಲಿ ಬಿಡುತ್ತದೆ. ಕಲಿಯುವವರು ಅದನ್ನು ಮೊದಲು ಕೈಗೆತ್ತಿಕೊಳ್ಳುವುದು ಬೇಡ.

## ಏಟು ಬಿದ್ದಾಗ ಕಲ್ಲಿನೊಳಗೆ ಏನಾಗುತ್ತದೆ?

ಕಿಟಕಿ ಗಾಜಿಗೆ ಸಣ್ಣ ಗುಂಡೊಂದು ಬಡಿದ ಗುರುತು ನೋಡಿದ್ದೀರಾ? ಬಡಿದ ಕಡೆ ತೂತು ಚಿಕ್ಕದು. ಆಚೆ ಕಡೆ ಅದೇ ತೂತು ಅಗಲ. ಏಟಿನ ಬಲ ಒಳಗೆ ಹೋಗುತ್ತಾ ಹರಡಿಕೊಳ್ಳುತ್ತದೆ. ಸೀಮೆಎಣ್ಣೆ ಸುರಿಯುವ ಆಲಿಕೆಯನ್ನು ಬೋರಲು ಹಾಕಿದ ಆಕಾರ ಅದು.

ಚಪ್ಪಟೆ ಕಲ್ಲಿನ ನಟ್ಟನಡುವೆ ಹೊಡೆದರೆ ಇಡೀ ಆಲಿಕೆ ಕಲ್ಲಿನೊಳಗೇ ಹೂತುಹೋಗುತ್ತದೆ. ಏನೂ ಏಳುವುದಿಲ್ಲ, ಒಳಗೆ ಬಿರುಕು ಮಾತ್ರ ಉಳಿಯುತ್ತದೆ. ಅದೇ ಏಟು ಅಂಚಿನ ಹತ್ತಿರ ಬಿದ್ದರೆ? ಆಲಿಕೆಯ ಒಂದು ಪಕ್ಕ ಮಾತ್ರ ಕಲ್ಲಿನೊಳಗೆ ಇರುತ್ತದೆ. ಕಲ್ಲನ್ನು ಸ್ವಲ್ಪ ಓರೆ ಹಿಡಿದರೆ ಆ ಪಕ್ಕ ಕಲ್ಲಿನ ಮೈಗೆ ಸಮಾನವಾಗಿ ಇಳಿಯುತ್ತದೆ. ಆಗ ತೆಳ್ಳನೆ, ಉದ್ದನೆ ಚಕ್ಕೆ ಏಳುತ್ತದೆ. ಎದ್ದ ಚಕ್ಕೆಯ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ. ಏಟು ಬಿದ್ದ ಜಾಗದ ಕೆಳಗೇ ಒಂದು ಸಣ್ಣ ಉಬ್ಬು ಸಿಗುತ್ತದೆ. ಅದು ಆಲಿಕೆಯ ತುದಿ. ಹೊಲದಲ್ಲಿ ಸಿಕ್ಕ ಕಲ್ಲಿನ ಚೂರು ತಾನಾಗಿ ಒಡೆದದ್ದೋ ಮನುಷ್ಯ ಒಡೆದದ್ದೋ ಎಂದು ನೋಡುವಾಗ ಪುರಾತತ್ವದವರು ಈ ಉಬ್ಬನ್ನೂ ಹುಡುಕುತ್ತಾರೆ.

ಇದರಿಂದ ಮೂರು ವಿಷಯ ಹೊರಡುತ್ತದೆ.

ಒಂದು, ಕೋನ. ಹೊಡೆಯುವ ಮೈಗೂ ಚಕ್ಕೆ ಏಳಬೇಕಾದ ಮೈಗೂ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಲೇಬೇಕು. ಇಟ್ಟಿಗೆಯಂಥ ಚೌಕ ಅಂಚಿಗೆ ಎಷ್ಟು ಹೊಡೆದರೂ ಚಕ್ಕೆ ಏಳದೆ ಅಂಚು ಜಜ್ಜುತ್ತದೆ ಅಷ್ಟೆ.

ಎರಡು, ಅಂಚಿನ ಗಟ್ಟಿತನ. ಬ್ಲೇಡಿನ ಹಾಗೆ ತೆಳ್ಳಗಿರುವ ಅಂಚಿಗೆ ಏಟು ಬಿದ್ದರೆ ಅಂಚೇ ಪುಡಿಯಾಗುತ್ತದೆ, ಬಲ ಒಳಗೆ ಇಳಿಯುವುದೇ ಇಲ್ಲ. ಅದಕ್ಕೇ ಪ್ರತಿ ಏಟಿನ ಮುಂಚೆ ಅಂಚನ್ನು ಒರಟು ಕಲ್ಲಿಗೆ ಉಜ್ಜಿ ಮೊಂಡು ಮಾಡಬೇಕು. ಹರಿತ ಬೇಕು ಎಂದು ಹೊರಟವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಆದರೆ ಹೊಸಬರ ಕಲ್ಲುಗಳು ಕೆಡುವುದು ಹೆಚ್ಚಾಗಿ ಈ ಉಜ್ಜುವಿಕೆ ಬಿಟ್ಟಾಗಲೇ.

ಮೂರು, ಏಣು. ಗದ್ದೆಯಲ್ಲಿ ನಡೆಯುವವರು ಬದುವಿನ ಗುಂಟ ಹೋಗುತ್ತಾರೆ, ಅಲ್ವಾ? ಬಿರುಕೂ ಹಾಗೇ. ಕಲ್ಲಿನ ಮೈ ಮೇಲೆ ಎದ್ದಿರುವ ಏಣಿನ ಗುಂಟ ಅದು ದೂರ ಹೋಗುತ್ತದೆ. ಏಣು ಇಲ್ಲದ ಜಾಗದಲ್ಲಿ ಅಗಲಕ್ಕೆ ಹರಡಿ, ಬೇಗ ನಿಂತುಬಿಡುತ್ತದೆ. ಒಂದು ಚಕ್ಕೆ ಎದ್ದಾಗ ಅದರ ಎರಡೂ ಪಕ್ಕ ಹೊಸ ಏಣು ಹುಟ್ಟುತ್ತದೆ. ಮುಂದಿನ ಏಟು ಆ ಏಣಿನ ತಲೆಗೆ.

## ಈ ಮಣ್ಣಿನ ಕೈಗಳು

ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರ ಎಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಅಲ್ಲಿ ಅಗೆದಾಗ ಕಲ್ಲಿನ ಉಪಕರಣ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅಲ್ಲೇ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಲೆಕ್ಕ ಹಾಕಿದ ವಯಸ್ಸು ಸುಮಾರು 12 ಲಕ್ಷ ವರ್ಷ. ಅಲ್ಲಿ ಬಳಸಿದ್ದು ಚಕಮಕಿ ಅಲ್ಲ, ಮರಳಿನಲ್ಲಿರುವ ಸಿಲಿಕಾ ಎಂಬ ಖನಿಜ ಬೆರೆತು ಗಟ್ಟಿಯಾದ ಸುಣ್ಣದ ಕಲ್ಲು. ಅದು ಚಪ್ಪಡಿ ಚಪ್ಪಡಿಯಾಗಿ ನೆಲದಿಂದ ಎದ್ದಿರುತ್ತದೆ. ಆ ಜನ ಬೇಕಾದ ದಪ್ಪದ ಚಪ್ಪಡಿ ಆರಿಸಿಕೊಂಡು, ಅಂಚಿನಿಂದ ಚಕ್ಕೆ ಎಬ್ಬಿಸಿ ಕೈಗೊಡಲಿ ಮಾಡಿದ್ದಾರೆ. ಸರಿಯಾದ ದಪ್ಪ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಇದು ಇವತ್ತು ಕಲಿಯುವವರೂ ಅನುಸರಿಸಬೇಕಾದ ಬುದ್ಧಿ.

ಬಳ್ಳಾರಿ ಹತ್ತಿರದ ಸಂಗನಕಲ್ಲು ಬೆಟ್ಟಗಳಲ್ಲಿ ಇನ್ನೊಂದು ದಾರಿ ಕಾಣುತ್ತದೆ. ಅಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಎಂಬ ಕಪ್ಪು ಕಲ್ಲಿನ ಪಟ್ಟಿ ಹಾದುಹೋಗಿದೆ. ನವಶಿಲಾಯುಗದ ರೈತರು ಆ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಮೊದಲು ಚಕ್ಕೆ ಎಬ್ಬಿಸಿ ಆಕಾರ, ಆಮೇಲೆ ಕುಟ್ಟಿ ಕುಟ್ಟಿ ಸಮ ಮಾಡುವುದು, ಕೊನೆಗೆ ಬಂಡೆಗೆ ತಿಕ್ಕಿ ನುಣುಪು. ತಿಕ್ಕಿ ತಿಕ್ಕಿ ಸವೆದ ತೋಡುಗಳು ಬಂಡೆಗಳ ಮೇಲೆ ಈಗಲೂ ಇವೆ. ಕೈ ಇಟ್ಟರೆ ಅಂಗೈ ಸರಿಯಾಗಿ ಕೂರುತ್ತದೆ. ದಕ್ಷಿಣ ಭಾರತದ ಹಳೆಯ ಕಲ್ಲಿನ ಉಪಕರಣಗಳನ್ನು ಮೊದಲು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲಿದೆ. ಕೈಗೊಡಲಿಯನ್ನು ಹತ್ತಿರದಿಂದ ನೋಡಬೇಕು ಅನ್ನುವವರು ಅಲ್ಲಿಗೆ ಹೋಗಬಹುದು.

ಗುಜರಾತಿನ ಖಂಭಾತದಲ್ಲಿ ಈ ವಿದ್ಯೆ ಇನ್ನೂ ಜೀವಂತ. ಅಲ್ಲಿ ಅಗೇಟ್ ಕಲ್ಲಿನ ಮಣಿ ಮಾಡುತ್ತಾರೆ. ನೆಲದಲ್ಲಿ ಓರೆಯಾಗಿ ಹೂತ ಕಬ್ಬಿಣದ ಮೊನೆಗೆ ಕಲ್ಲಿನ ಅಂಚನ್ನು ತಾಗಿಸಿ ಹಿಡಿದು, ಈಚೆಯಿಂದ ಎಮ್ಮೆ ಕೊಂಬಿನ ಸುತ್ತಿಗೆಯಿಂದ ತಟ್ಟುತ್ತಾರೆ. ಮೊನೆ ತಾಗಿದ ಕಡೆಯಿಂದ ಚಕ್ಕೆ ಏಳುತ್ತದೆ.

## ಬೇಕಾಗುವ ಸಾಮಾನು

ಕಲಿಯುವವರಿಗೆ ಕಲ್ಲಿಗಿಂತ ಗಾಜು ಒಳ್ಳೆಯದು. ಗಾಜಿನ ಅಂಗಡಿಯಲ್ಲಿ 8 ಅಥವಾ 10 ಮಿಲಿಮೀಟರ್ ದಪ್ಪದ ಸಾದಾ ಗಾಜಿನ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ತುಂಡು ಸಾಕು. ಟಫನ್ಡ್ ಗಾಜು ಬೇಡವೇ ಬೇಡ, ಅದು ಒಂದೇ ಸಲಕ್ಕೆ ಸಾವಿರ ಚೂರಾಗುತ್ತದೆ. ಬಾಟಲಿಯ ದಪ್ಪ ತಳವೂ ಆಗುತ್ತದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಒಬ್ಬನೇ ಹೊರಬಂದ ಯಾಹಿ ಎಂಬ ಮೂಲನಿವಾಸಿ ಜನಾಂಗದ ಇಶಿ ಬಾಟಲಿ ಗಾಜಿನಲ್ಲೇ ಅತಿ ಸುಂದರವಾದ ಬಾಣದ ಮೊನೆಗಳನ್ನು ಮಾಡುತ್ತಿದ್ದ.

ಗಾಜಿಗೆ ಹೊಡೆಯುವುದಿಲ್ಲ, ಅಂಚನ್ನು ಮೊನೆಯಿಂದ ಒತ್ತಿ ಚಕ್ಕೆ ಎಬ್ಬಿಸುತ್ತೇವೆ. ಆ ಒತ್ತುವ ಕಡ್ಡಿಗೆ ತಾಮ್ರ. ಅರ್ಥಿಂಗ್‌ಗೆ ಹಾಕುವ ಸುಮಾರು 4 ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಗೇಣು ಉದ್ದದ ಮರದ ಹಿಡಿಗೆ ತೂತು ಮಾಡಿ, ತಂತಿಯನ್ನು ಬಿಗಿಯಾಗಿ ಕೂರಿಸಿ, ಒಂದು ಬೆರಳಿನಷ್ಟು ಹೊರಗೆ ಬಿಡಿ. ತುದಿಯನ್ನು ಅರದಿಂದ ಉಜ್ಜಿ ಮೊನೆ ಮಾಡಿ, ತೀರಾ ಸೂಜಿಯಂತೆ ಬೇಡ. ಕಬ್ಬಿಣದ ಮೊಳೆ ಯಾಕೆ ಆಗಬಾರದು? ಅದು ಗಾಜಿನ ಮೇಲೆ ಜಾರುತ್ತದೆ, ಅಂಚನ್ನು ಜಜ್ಜುತ್ತದೆ. ತಾಮ್ರ ಮೆದು. ಗಾಜಿನ ಅಂಚು ಅದರೊಳಗೆ ಸ್ವಲ್ಪ ಕಚ್ಚಿಕೊಳ್ಳುತ್ತದೆ, ಹಿಡಿತ ಸಿಗುತ್ತದೆ.

ಚಪ್ಪಲಿ ಹೊಲಿಯುವವರ ಹತ್ತಿರ ಅಂಗೈ ಮುಚ್ಚುವಷ್ಟು ದಪ್ಪ ಚರ್ಮ ತೆಗೆದುಕೊಳ್ಳಿ. ತೊಡೆಯ ಮೇಲೆ ಹಾಕಲು ಇನ್ನೊಂದು ದೊಡ್ಡ ತುಂಡು. ಹಳೇ ಟೈರ್ ಟ್ಯೂಬನ್ನು ಮಡಚಿದರೂ ನಡೆಯುತ್ತದೆ. ಅಂಚು ಉಜ್ಜಲು ಒಡೆದ ಸಾಣೆಚಕ್ರದ ತುಂಡು. ಇಷ್ಟೇ.

ವಿದೇಶದ ವಿಡಿಯೋಗಳಲ್ಲಿ ಜಿಂಕೆ ಕೊಂಬು ಬಳಸುವುದು ಕಾಣುತ್ತದೆ. ನಮ್ಮಲ್ಲಿ ಅದು ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನೂ ಇಟ್ಟುಕೊಳ್ಳುವಂತಿಲ್ಲ. ತಾಮ್ರ ಸಾಕು.

## ಕಣ್ಣು, ಕಾಲು, ಉಸಿರು

ಇಲ್ಲಿ ಸ್ವಲ್ಪ ನಿಲ್ಲಬೇಕು. ಚಕ್ಕೆಗಳು ಎಲ್ಲಿಗೆ ಹಾರುತ್ತವೆ ಎಂದು ಹೇಳಲಾಗದು. ಪಕ್ಕವೂ ಮುಚ್ಚಿರುವ ಕನ್ನಡಕ ಹಾಕದೆ ಒಂದೇ ಒಂದು ಚಕ್ಕೆಯನ್ನೂ ಎಬ್ಬಿಸಬೇಡಿ. ಪಕ್ಕದಲ್ಲಿ ನೋಡುತ್ತಾ ಕೂತವರಿಗೂ ಕನ್ನಡಕ ಬೇಕು. ಉದ್ದ ಪ್ಯಾಂಟು, ಮುಚ್ಚಿದ ಬೂಟು ಇರಲಿ.

ಕಣ್ಣಿಗೆ ಕಾಣುವ ಚೂರಿಗಿಂತ ಕಾಣದ ದೂಳು ದೊಡ್ಡ ಅಪಾಯ. ಚಕಮಕಿ, ಅಗೇಟ್, ಬೆಣಚು ಇವುಗಳ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಅಲ್ಲಿಂದ ಬರುವುದಿಲ್ಲ. ಗಾಯ ಮಾಡಿ, ಕಲೆ ಕಟ್ಟಿಸಿ, ಉಸಿರಾಟವನ್ನೇ ಕಿರಿದು ಮಾಡುತ್ತದೆ. ಇದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ವಾಸಿಯಾಗುವ ಕಾಯಿಲೆ ಅಲ್ಲ. ಖಂಭಾತದ ಅಗೇಟ್ ಕೆಲಸಗಾರರಲ್ಲಿ ಎಷ್ಟೋ ಜನ ಇದರಿಂದಲೇ ನರಳಿದ್ದಾರೆ, ಸತ್ತಿದ್ದಾರೆ. ಇಂಗ್ಲೆಂಡಿನ ಬ್ರಾಂಡನ್ ಊರಿನಲ್ಲಿ ಹಳೆಯ ಕಾಲದ ಬಂದೂಕಿನಲ್ಲಿ ಕಿಡಿ ಎಬ್ಬಿಸಲು ಚಕಮಕಿ ಕಲ್ಲು ಒಡೆಯುತ್ತಿದ್ದವರ ಕಥೆಯೂ ಇದೇ. ಅವರಿಗೆ ಅದು ಹೊಟ್ಟೆಪಾಡು. ನಮಗೆ ಹವ್ಯಾಸ, ಆದ್ದರಿಂದ ಎಚ್ಚರ ತಪ್ಪಲು ಕಾರಣವೇ ಇಲ್ಲ. ಗಾಳಿಯಾಡುವ ಬಯಲಿನಲ್ಲಿ, ಗಾಳಿ ಬೆನ್ನಿನಿಂದ ಬೀಸುವ ಹಾಗೆ ಕೂರಿ. ಎನ್95 ಮಾಸ್ಕ್ ಹಾಕಿ. ಅಂಚು ಉಜ್ಜುವಾಗ ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ. ಆ ಬಟ್ಟೆಯಲ್ಲೇ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಕೆಳಗೆ ಟಾರ್ಪಾಲು ಹಾಸಿ. ಮುಗಿದ ಮೇಲೆ ನಾಲ್ಕೂ ಮೂಲೆ ಸೇರಿಸಿ ಎತ್ತಿ, ಚೂರುಗಳನ್ನು ಗಟ್ಟಿ ಡಬ್ಬಿಗೆ ಸುರಿಯಿರಿ. ಅಂಗಳಕ್ಕೆ ಗುಡಿಸಿದರೆ ಬರಿಗಾಲಿಗೆ, ದನಕರುಗಳ ಗೊರಸಿಗೆ ಹೊಕ್ಕುತ್ತವೆ.

## ಮೊದಲ ದಿನ: ಗಾಜಿನ ತುಂಡು

ಗಾಜಿನ ಅಂಚು ಚೌಕವಾಗಿರುತ್ತದೆ, ಅಂದರೆ 90 ಡಿಗ್ರಿ. ಹಾಗೇ ಒತ್ತಿದರೆ ಏನೂ ಏಳದು. ಮೊದಲು ಸಾಣೆಚಕ್ರದ ತುಂಡಿನಿಂದ ಅಂಚಿನ ಮೂಲೆಯನ್ನು ಓರೆಗೆ ಉಜ್ಜಿ. ಆ ಓರೆಯಾದ ಜಾಗವೇ ಕಡ್ಡಿ ಕೂರುವ ಮೆಟ್ಟು.

ಎಡ ಅಂಗೈಗೆ ಚರ್ಮ ಹಾಕಿ. ಓರೆ ಮೂಲೆ ಮೇಲೆ ಕಾಣುವ ಹಾಗೆ ಗಾಜನ್ನು ಅದರ ಮೇಲಿಟ್ಟು ಬೆರಳುಗಳಿಂದ ಅದುಮಿ ಹಿಡಿಯಿರಿ. ಬಲಗೈಯಲ್ಲಿ ಕಡ್ಡಿ. ಎರಡೂ ಕೈಯ ಹಿಂಭಾಗ ತೊಡೆಗಳ ಒಳಬದಿಗೆ ತಾಗಿರಲಿ. ತಾಮ್ರದ ಮೊನೆಯನ್ನು ಓರೆ ಅಂಚಿನ ಮೇಲೆ ಕೂರಿಸಿ, ಮೊದಲು ಗಾಜಿನ ಒಳಕ್ಕೆ ಒತ್ತಿ. ಇನ್ನೂ ಒತ್ತಿ. ತೊಡೆಗಳನ್ನೂ ಒಳಕ್ಕೆ ತಂದರೆ ತೋಳಿಗೆ ಕಾಲಿನ ಬಲವೂ ಸೇರುತ್ತದೆ. ಒತ್ತಡ ತುಂಬಿದ ಮೇಲೆ, ಬಿಡದೆ, ಸ್ವಲ್ಪ ಕೆಳಕ್ಕೆ ತಿರುಗಿಸಿ.

ಟಿಕ್.

ಆ ಸದ್ದು ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ. ಗಾಜನ್ನು ತಿರುಗಿಸಿ ನೋಡಿ. ಕೆಳಮೈಯಲ್ಲಿ ಉಗುರಿನ ಆಕಾರದ, ನುಣ್ಣನೆ ತಗ್ಗು ಬಿದ್ದಿರುತ್ತದೆ. ಚರ್ಮದ ಮೇಲೆ ಮೀನಿನ ಹುರುಪೆಯಷ್ಟು ತೆಳ್ಳನೆ ಚಕ್ಕೆ. ಬೆಳಕಿಗೆ ಹಿಡಿದರೆ ಅಲೆಯ ಗೆರೆಗಳು ಕಾಣುತ್ತವೆ. ಅದನ್ನು ಬರಿ ಬೆರಳಿನಿಂದ ಒತ್ತಬೇಡಿ, ಚಿಮುಟದಲ್ಲಿ ಎತ್ತಿ.

ಈಗ ಗಾಜನ್ನು ಮಗುಚಿ. ಆಗಷ್ಟೇ ಬಿದ್ದ ತಗ್ಗು ಮೇಲೆ ಬಂತು. ಅದು ಓರೆಯಾಗಿಯೇ ಇದೆ, ಅದೇ ನಿಮ್ಮ ಮುಂದಿನ ಮೆಟ್ಟು. ಆ ತಗ್ಗಿನ ಅಂಚಿನ ಮೇಲೆ ಮೊನೆ ಇಟ್ಟು ಮತ್ತೆ ಒಳಕ್ಕೆ, ಕೆಳಕ್ಕೆ. ಮತ್ತೆ ಮಗುಚಿ. ಹೀಗೆ ಒಂದು ಸಲ ಈ ಮೈ, ಒಂದು ಸಲ ಆ ಮೈ. ಚೌಕ ಅಂಚು ಹೋಗಿ ಹಾವು ಹರಿದ ಹಾಗೆ ಅಂಕುಡೊಂಕಾದ ಅಂಚು ಬರುತ್ತದೆ. ಸುತ್ತಲೂ ಬಂದ ಮೇಲೆ ಆ ಅಂಚನ್ನು ಮೆಲ್ಲಗೆ ಉಜ್ಜಿ ಗಟ್ಟಿ ಮಾಡಿ, ಎರಡನೇ ಸುತ್ತು ಶುರು ಮಾಡಿ. ಎರಡನೇ ಸುತ್ತಿನಲ್ಲಿ ಚಕ್ಕೆಗಳು ನಡುವಿನ ಕಡೆಗೆ ಇನ್ನಷ್ಟು ದೂರ ಹೋಗುತ್ತವೆ, ಯಾಕೆಂದರೆ ಈಗ ಏಣುಗಳಿವೆ.

ನೆನಪಿಡಬೇಕಾದ ಒಂದು ಗುಟ್ಟಿದೆ. ಸ್ಕೆಚ್ ಪೆನ್ನಿನಿಂದ ಅಂಚಿನ ದಪ್ಪದ ನಡುವೆ ಸುತ್ತಲೂ ಒಂದು ಗೆರೆ ಎಳೆಯಿರಿ. ಮೊನೆ ಇಡುವ ಜಾಗ ಯಾವಾಗಲೂ ಆ ನಡುಗೆರೆಗಿಂತ ಕೆಳಗೆ, ಅಂದರೆ ಚಕ್ಕೆ ಏಳಬೇಕಾದ ಮೈಯ ಹತ್ತಿರ ಇರಬೇಕು. ಮೇಲಿದ್ದರೆ ಚಕ್ಕೆ ದಪ್ಪಗೆ, ಗಿಡ್ಡಗೆ ಮುರಿಯುತ್ತದೆ ಅಥವಾ ತುಂಡೇ ಎರಡಾಗುತ್ತದೆ. ನನ್ನ ಮೊದಲ ಕೆಲವು ತುಂಡುಗಳು ಎರಡಾದದ್ದು ಇದೇ ಕಾರಣಕ್ಕೆ. ಗೆರೆ ಎಳೆಯಲು ಶುರು ಮಾಡಿದ ಮೇಲೆ ಮುರಿಯುವುದು ಕಡಿಮೆಯಾಯಿತು.

## ಚಕ್ಕೆ ನಡುವೆಯೇ ನಿಂತರೆ?

ಎಲ್ಲರಿಗೂ ಆಗುವುದು ಇದು. ಚಕ್ಕೆ ಅರ್ಧಕ್ಕೆ ಮುರಿದು, ಕಲ್ಲಿನ ಮೇಲೆ ಮೆಟ್ಟಿಲಿನಂಥ ಗುರುತು ಉಳಿಯುತ್ತದೆ. ಬಲ ಸಾಲದೆ ಇರಬಹುದು, ಒಳಗೆ ಬಿರುಕಿರಬಹುದು, ಒಳಕ್ಕೆ ಒತ್ತುವ ಮುಂಚೆಯೇ ಕೆಳಕ್ಕೆ ಎಳೆದಿರಬಹುದು. ಆಗ ಅದೇ ಜಾಗದಲ್ಲಿ ಮತ್ತೆ ಮತ್ತೆ ಪ್ರಯತ್ನ ಮಾಡಿದರೆ ಮೆಟ್ಟಿಲ ಮೇಲೆ ಮೆಟ್ಟಿಲು ಬಿದ್ದು ಗುಡ್ಡೆಯಾಗುತ್ತದೆ. ಆ ಜಾಗ ಬಿಟ್ಟುಬಿಡಿ. ಎದುರು ಅಂಚಿನಿಂದ ಬನ್ನಿ. ಆ ಕಡೆಯಿಂದ ಬಂದ ಬಿರುಕು ಗುಡ್ಡೆಯ ಅಡಿಯಲ್ಲಿ ಹಾದು ಅದನ್ನು ಹೊತ್ತುಕೊಂಡು ಹೋಗುತ್ತದೆ.

ಐದಾರು ಗಾಜಿನ ಮೊನೆ ಮಾಡಿದ ಮೇಲೆ ಕಲ್ಲು ಹಿಡಿಯಬಹುದು. ಕಲ್ಲಿಗೆ ಒತ್ತುವುದಷ್ಟೇ ಸಾಲದು, ಹೊಡೆಯಬೇಕು. ಹೊಳೆಯಲ್ಲಿ ಸವೆದು ದುಂಡಾದ, ಮುಷ್ಟಿಗಿಂತ ಚಿಕ್ಕದಾದ ಕಲ್ಲು ಒಳ್ಳೆಯ ಬಡಿಕಲ್ಲು. ತಿರುಳುಗಲ್ಲನ್ನು ತೊಡೆಯ ಹೊರಬದಿಗೆ ಆನಿಸಿ, ಓರೆ ಹಿಡಿದು, ಅಂಚಿನಿಂದ ತುಸು ಒಳಗೆ ಹೊಡೆಯಿರಿ. ಏಟು ಕಲ್ಲಿಗೆ ತಾಗಿ ನಿಲ್ಲಬಾರದು, ಹಾದು ಹೋಗಬೇಕು. ಕಣ್ಣು ಬಡಿಕಲ್ಲಿನ ಮೇಲಲ್ಲ, ಏಟು ಬೀಳಬೇಕಾದ ಚುಕ್ಕೆಯ ಮೇಲೆ. ಬುಗುರಿಗೆ ಗುರಿಯಿಡುವ ಹುಡುಗರು ಹೀಗೇ ನೋಡುತ್ತಾರೆ.

ಕೆಲವರು ಚರ್ಟ್ ಕಲ್ಲನ್ನು ನಿಧಾನ ಬಿಸಿ ಮಾಡಿ, ನಿಧಾನ ಆರಿಸಿ, ಆಮೇಲೆ ಕೆಲಸ ಮಾಡುತ್ತಾರೆ. ಚಕ್ಕೆ ಸಲೀಸಾಗಿ ಏಳುತ್ತದೆ. ಆದರೆ ಒಳಗೆ ತೇವ ಇದ್ದರೆ ಕಲ್ಲು ಸಿಡಿಯುತ್ತದೆ. ಇದಕ್ಕೆ ಈಗಲೇ ಕೈ ಹಾಕುವುದು ಬೇಡ.

## ಹಳೆಯ ಜಾಗಗಳಿಂದ ದೂರ

ಕೃಷ್ಣಾ, ಭೀಮಾ ತೀರಗಳಲ್ಲಿ ಒಳ್ಳೆಯ ಚರ್ಟ್, ಅಗೇಟ್ ಉಂಡೆಗಳು ಸಿಗುತ್ತವೆ. ಅದೇ ಸೀಮೆಯಲ್ಲಿ ಹಳೆಯ ಮನುಷ್ಯರ ಉಪಕರಣಗಳೂ ಬಿದ್ದಿರುತ್ತವೆ. ಉಂಡೆ ಆರಿಸುವಾಗ ಒಳಮೈಯಲ್ಲಿ ಆ ಸಣ್ಣ ಉಬ್ಬು ಇರುವ ಚಕ್ಕೆಯೋ ಕೈಗೊಡಲಿಯೋ ಕಂಡರೆ ಅಲ್ಲೇ ಬಿಡಿ. ಯಾವ ವಸ್ತು ಎಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಅನ್ನುವುದೇ ಪುರಾತತ್ವದವರಿಗೆ ಮುಖ್ಯ. ಎತ್ತಿ ಮನೆಯ ಶೋಕೇಸಿಗೆ ತಂದರೆ ಅದರ ಅರ್ಧ ಕಥೆ ಹೋಯಿತು. ಸಂರಕ್ಷಿತ ಜಾಗದಿಂದ ತರುವುದು ಕಾನೂನಿಗೂ ವಿರುದ್ಧ.

ಉಲ್ಟಾ ತಪ್ಪೂ ಇದೆ. ನಾವು ಇವತ್ತು ಒಡೆದ ಚಕ್ಕೆಗಳನ್ನು ಅಂಥ ಜಾಗದಲ್ಲಿ ಬಿಟ್ಟು ಬಂದರೆ ನಾಳೆ ಯಾರೋ ಅದನ್ನು ಸಾವಿರಾರು ವರ್ಷ ಹಳೆಯದು ಅಂದುಕೊಳ್ಳಬಹುದು. ಒಳ್ಳೆಯ ಕೈ ಮಾಡಿದ ಹೊಸ ಮೊನೆಯನ್ನು ಹಳೆಯದರಿಂದ ಬೇರೆ ಮಾಡುವುದು ಕಷ್ಟ. ಅದಕ್ಕೇ ಉಂಡೆಯನ್ನು ಮನೆಗೆ ತಂದು ಒಡೆಯಿರಿ. ಮಾಡಿ ಮುಗಿಸಿದ ಪ್ರತಿ ಮೊನೆಯ ಬುಡದಲ್ಲಿ, ಗಾಜು ಕೊರೆಯುವ ಪೆನ್ನಿನಿಂದ, ಹೆಸರಿನ ಮೊದಲ ಅಕ್ಷರ ಮತ್ತು ಇಸವಿ ಗೀಚಿಡಿ. ಚೂರುಗಳನ್ನು ಎಲ್ಲಾದರೂ ಹೂಳಲೇಬೇಕಾದರೆ ಗುಂಡಿಯ ತಳಕ್ಕೆ ಈ ವರ್ಷದ ಒಂದು ನಾಣ್ಯ ಹಾಕಿ, ಆಮೇಲೆ ಮಣ್ಣು ಮುಚ್ಚಿ.